ಇರುವೆ ತೋರಿದ ದಾರಿ

ದೊಡ್ಡಬಳ್ಳಾಪುರದ ಸುತ್ತಣ ಹಳ್ಳಿಗಳಲ್ಲಿ ಮೂಡಲು ಕೆಂಪೇರುವ ಮೊದಲೇ ಹಾಲು ಕರೆಯುವ ಕೆಲಸ ಆರಂಭವಾಗುತ್ತದೆ. ಊರೂರಿನ ಸಹಕಾರ ಸಂಘದಲ್ಲಿ ಅಳೆದ ಹಾಲನ್ನು ಬಿಸಿಲೇರುವುದರೊಳಗೆ ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸಬೇಕು. ವಾಹನವು ಸುತ್ತುದಾರಿ ಹಿಡಿದು ತಡವಾದರೆ ತಣಿಸದ ಹಾಲು ಕೆಡುತ್ತದೆ. ರೈತನ ದುಡಿಮೆ ವ್ಯರ್ಥವಾಗುತ್ತದೆ.

ಹತ್ತಿರದ ದಾರಿಯನ್ನು ಆರಿಸುವುದು ಅಷ್ಟೇನು ಕಷ್ಟ ಎಂದು ತೋರಬಹುದು. ಎಣಿಸಿ ನೋಡೋಣ. ಬೆಂಗಳೂರಿನಿಂದ ಹೊರಟು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಒಂದೊಂದು ಸಲ ಮುಟ್ಟಿ ಮರಳಲು 24 ಕ್ರಮಗಳುಂಟು. ಊರುಗಳು ಹತ್ತಾದರೆ ಕ್ರಮಗಳು 36,28,800. ಇಪ್ಪತ್ತಾದರೆ, ಸೆಕೆಂಡಿಗೆ ನೂರು ಕೋಟಿ ಕ್ರಮಗಳನ್ನು ಪರೀಕ್ಷಿಸುವ ಗಣಕಯಂತ್ರಕ್ಕೂ ಒಂದೊಂದನ್ನೇ ನೋಡಿ ಮುಗಿಸಲು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕು!

ಈ ತೊಡಕಿಗೆ ಒಂದು ಉಪಾಯವನ್ನು ಕಲಿಸಿದ್ದು ಇರುವೆ. ನಡೆಯುವಾಗ ಇರುವೆಯು ನೆಲದ ಮೇಲೆ ವಾಸನೆಯ ದ್ರವ್ಯವೊಂದನ್ನು ಬಿಡುತ್ತದೆ; ಹಿಂದೆ ಬರುವವು ಆ ಜಾಡನ್ನು ಹಿಡಿಯುತ್ತವೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ವಿಜ್ಞಾನಿಗಳು ಗೂಡಿಗೂ ಆಹಾರಕ್ಕೂ ನಡುವೆ ಒಂದು ಗಿಡ್ಡ, ಒಂದು ಉದ್ದ, ಹೀಗೆ ಎರಡು ಸೇತುವೆಗಳನ್ನಿಟ್ಟು ಪರೀಕ್ಷಿಸಿ, 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಿಡ್ಡ ಸೇತುವೆಯಲ್ಲಿ ಹೋದ ಇರುವೆಗಳು ಬೇಗ ಮರಳಿದವು. ಅಲ್ಲಿ ವಾಸನೆ ಬೇಗ ದಟ್ಟವಾಯಿತು. ಕೊನೆಗೆ ಬಹುಪಾಲು ಇರುವೆಗಳು ಅದನ್ನೇ ಹಿಡಿದವು. ಆದರೆ ಮೊದಲು ಉದ್ದದ ಸೇತುವೆಯೊಂದನ್ನೇ ಕೊಟ್ಟು, ಆಮೇಲೆ ಗಿಡ್ಡದನ್ನು ತೆರೆದಾಗ ಹೆಚ್ಚಿನವು ಹಳೆಯ ದಾರಿಯನ್ನು ಬಿಡಲಿಲ್ಲ. ಅಲ್ಲಿನ ವಾಸನೆ ಇನ್ನೂ ಆರಿರಲಿಲ್ಲ.

ಇಟಲಿಯ ಮಾರ್ಕೊ ಡೊರಿಗೊ 1992ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇರುವೆಯ ಈ ನಡೆಯನ್ನು ಗಣಿತಕ್ಕೆ ಅಳವಡಿಸಿದರು. ಗಣಕಯಂತ್ರದೊಳಗಿನ ಕಲ್ಪಿತ ಇರುವೆಗಳು ಊರಿಂದೂರಿಗೆ ಸುತ್ತುತ್ತವೆ. ಕಡಿಮೆ ದೂರದಲ್ಲಿ ಸುತ್ತು ಮುಗಿಸಿದ ಇರುವೆಯು ದಾರಿಯಲ್ಲಿ ಹೆಚ್ಚು ಗುರುತನ್ನು ಬಿಡುತ್ತದೆ. ಅಷ್ಟೇ ಅಲ್ಲ, ಪ್ರತಿ ಸುತ್ತಿನಲ್ಲಿಯೂ ಹಳೆಯ ಗುರುತುಗಳು ಒಂದಿಷ್ಟು ಆರುವಂತೆ ಏರ್ಪಾಡು ಉಂಟು. ಆದುದರಿಂದ ಮೊದಲು ಸಿಕ್ಕ ದಾರಿಗೇ ಅಂಟಿಕೊಳ್ಳುವ ಭಯ ಕಡಿಮೆ. ಹೀಗೆ ದೊರೆತದ್ದೇ ಎಲ್ಲಕ್ಕಿಂತ ಹತ್ತಿರದ ದಾರಿಯೆಂದು ಆಣೆಯಿಟ್ಟು ಹೇಳಲಾಗದು. ಆದರೂ ಒಳ್ಳೆಯ ದಾರಿಯೊಂದು ಅಲ್ಪಕಾಲದಲ್ಲಿಯೇ ದೊರೆಯುತ್ತದೆ.

ಕೆರೆ ಕೋಡಿ ಹರಿದು ರಸ್ತೆ ಮುಚ್ಚಿಹೋದುದನ್ನು ಯಂತ್ರವು ತಾನಾಗಿ ಅರಿಯದು. ಹಾಲಿನ ವಾಹನದ ಚಾಲಕನು ಅದನ್ನು ತಿಳಿಸಲೇಬೇಕು. ಆಗ ಹಳೆಯ ಗುರುತು ಆರಿ, ಹೊಸ ದಾರಿ ಮೂಡುತ್ತದೆ. ತಾತ ನಡೆದ ದಾರಿಯೆಂಬ ಒಂದೇ ಕಾರಣಕ್ಕೆ ಸುತ್ತುದಾರಿಯನ್ನು ಬಿಡದವರು ನಮ್ಮಲ್ಲಿಯೂ ಉಂಟು. ಹಿರಿಯರ ಜಾಡನ್ನು ಹಿಡಿಯುವುದು ವಿವೇಕ. ಅದು ಸುತ್ತೆಂದು ತಿಳಿದ ಮೇಲೆ ಬಿಡುವುದೂ ವಿವೇಕವೇ.