ಪಿಕಪ್ಪಿಗೊಂದು ಹೊದಿಕೆ: ತಮ್ಮನ ಮಗನಿಗೆ ಕಿವಿಮಾತು

ಮಗಾ, ಗಾಡಿ ಮನೆಗೆ ಬಂದದ್ದು ಕೇಳಿ ತುಂಬಾ ಸಂತೋಷವಾಯಿತು. ಬೊಲೆರೊ ಪಿಕಪ್ಪಿನ ಮೇಲೆ ಕಬ್ಬಿಣದ ಮುಚ್ಚಿದ ಬಾಡಿ ಕಟ್ಟಿಸಲು ವೆಲ್ಡಿಂಗ್ ಶಾಪುಗಳಲ್ಲಿ ವಿಚಾರಿಸುತ್ತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಈಗಲೇ ಆ ಖರ್ಚಿಗೆ ಕೈ ಹಾಕಬೇಡ. ನಮ್ಮ ಕೋಲಾರದ ಕಡೆ ಒಂದೇ ಗಾಡಿ ಬೆಳಿಗ್ಗೆ ಟೊಮ್ಯಾಟೊ ಹೊತ್ತು ಮಂಡಿಗೆ ಹೋಗುತ್ತೆ, ಬರುವಾಗ ಬೂಸಾ, ಹಿಂಡಿ ತರುತ್ತೆ, ರೇಷ್ಮೆ ಹುಳು ಹಣ್ಣಾದ ವಾರ ಗೂಡು ಹೊತ್ತು ಶಿಡ್ಲಘಟ್ಟಕ್ಕೆ ಹೊರಡುತ್ತೆ. ಒಂದಕ್ಕೆ ಗಾಳಿ ಬೇಕು, ಇನ್ನೊಂದಕ್ಕೆ ಹನಿ ನೀರೂ ತಾಗಬಾರದು. ಸರಕು ಬದಲಾದಂತೆ ಹೊದಿಕೆಯೂ ಬದಲಾಗಬೇಕು. ಹಾಕಿ ತೆಗೆಯುವಂಥದ್ದಾದರೆ ಮಾತ್ರ ಅದು ಸಾಧ್ಯ, ಖರ್ಚೂ ಕಡಿಮೆ.

• ಮುಚ್ಚಿದ ಬಾಡಿಯ ತೂಕವೇ ನೀನು ಹೊರಬಹುದಾದ ಸರಕನ್ನು ತಿನ್ನುತ್ತೆ. ಆರ್.ಸಿ.ಯಲ್ಲಿ ಬಾಡಿಯ ಬಗೆ, ಖಾಲಿ ಗಾಡಿಯ ತೂಕ ಎರಡೂ ಬರೆದಿರುತ್ತೆ. ಅದಕ್ಕೆ ಹೊಂದದಂತೆ ಗಾಡಿ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತೆ, ಆರ್.ಟಿ.ಒ. ಕಚೇರಿ ಸುತ್ತಬೇಕಾಗುತ್ತೆ. ಹಗ್ಗದಲ್ಲಿ ಕಟ್ಟಿ ಬಿಚ್ಚುವ ಟಾರ್ಪಾಲಿಗೆ ಆ ತಾಪತ್ರಯವಿಲ್ಲ.

• ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು ಅಳೆ. ನಿನ್ನ ಗಾಡಿಯ ಬಾಡಿ ಸುಮಾರು 9 ಅಡಿ ಉದ್ದ, ಐದೂವರೆ ಅಡಿ ಅಗಲ ಇರುತ್ತೆ. ಅಷ್ಟೇ ಅಳತೆಯ ಬಟ್ಟೆ ತಂದರೆ ಕ್ರೇಟುಗಳ ನೆತ್ತಿ ಮುಚ್ಚೀತು, ಪಕ್ಕಗಳು ಬಯಲು. ನಾಲ್ಕೂ ಕಡೆ ಮೂರು ಮೂರು ಅಡಿ ಇಳಿಬೀಳಬೇಕು. 15 ಅಡಿಗೆ 12 ಅಡಿಯದು ಸರಿಹೋಗುತ್ತೆ. ಅಂಗಡಿಯಲ್ಲಿ ಹೇಳುವ ಅಳತೆ ಅನೇಕ ಸಲ ಅಂಚು ಮಡಚಿ ಹೊಲಿಯುವ ಮುಂಚಿನದು, ಕೈಗೆ ಬರುವುದು ಕೆಲವು ಇಂಚು ಕಮ್ಮಿ. ಅಲ್ಲೇ ಬಿಡಿಸಿ ಅಳೆದು ನೋಡಿಯೇ ದುಡ್ಡು ಕೊಡು.

• ದಪ್ಪ ನೋಡುವುದಕ್ಕೆ ಕಣ್ಣು ಸಾಲದು, ತಕ್ಕಡಿ ಬೇಕು. ಟಾರ್ಪಾಲಿನ ದಪ್ಪವನ್ನು ಜಿ.ಎಸ್.ಎಂ. ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತೆ ಅಂತ. 15×12 ಅಡಿ ಎಂದರೆ 180 ಚದರ ಅಡಿ, ಹೆಚ್ಚುಕಡಿಮೆ 16.7 ಚದರ ಮೀಟರ್. ಅದು ನಿಜವಾಗಿ 200 ಜಿ.ಎಸ್.ಎಂ. ಆಗಿದ್ದರೆ ಮೂರೂಕಾಲು ಕೆ.ಜಿ.ಯ ಮೇಲೆ ತೂಗಬೇಕು. ಎರಡೇ ಕೆ.ಜಿ. ತೂಗಿತೋ, ಅದು 120ರದ್ದು, ಲೇಬಲ್ಲಿನ ಮೇಲೆ ಏನೇ ಅಚ್ಚಾಗಿರಲಿ. ಗಾಡಿಗೆ 200ಕ್ಕಿಂತ ಕಮ್ಮಿ ಬೇಡ. ತೆಳು ನೀಲಿ ಹಾಳೆ ಗುಡಿಸಲ ಮೇಲೆ ಹಾಸುವುದಕ್ಕೆ ಆದೀತು, ರಸ್ತೆಯ ಗಾಳಿಗೆ ಚಿಂದಿಯಾಗುತ್ತೆ. ಹೆಣೆದ ಪ್ಲಾಸ್ಟಿಕ್ ಟಾರ್ಪಾಲಿಗೆ ಐ.ಎಸ್. 7903 ಎಂಬ ಮಾನದಂಡವಿದೆ, ಆ ಗುರುತಿದ್ದರೆ ಒಳ್ಳೆಯದು. ಬಣ್ಣ ಕೇಳಿದರೆ ನಾನು ಕಪ್ಪೇ ಅನ್ನುತ್ತೇನೆ. ಅದರಲ್ಲಿ ಬೆರೆಸುವ ಇಂಗಾಲದ ಪುಡಿ ಬಿಸಿಲಿನ ಪೆಟ್ಟು ತಡೆಯುತ್ತೆ.

• ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನಕ್ಕೆ ಸಿಕ್ಕ ಟಾರ್ಪಾಲನ್ನು ಗಾಡಿಗೆ ಎಳೆಯಬೇಡ. ಅದು ರಾಗಿ ಒಣಗಿಸುವುದಕ್ಕೆ, ಕಣಕ್ಕೆ. ಪಿಕಪ್ಪಿಗೆ ಬಲು ದೊಡ್ಡದು, ಮಡಿಕೆಗಳಲ್ಲೇ ಗಾಳಿ ತುಂಬಿಕೊಂಡು ಹರಿಯುತ್ತೆ, ಸುಗ್ಗಿಗೆ ಬೇಕಾದಾಗ ಮನೆಯಲ್ಲಿ ಇರೋದಿಲ್ಲ.

• ಹಳೇ ಫ್ಲೆಕ್ಸು ಬಿಟ್ಟಿಯಾಗಿ ಸಿಗುತ್ತೆ, ಎಲ್ಲರೂ ಕಟ್ಟುತ್ತಾರೆ. ಸಿಮೆಂಟು, ಕಬ್ಬಿಣದ ಸಾಮಾನಿಗೆ ಕಟ್ಟು, ಅಡ್ಡಿಯಿಲ್ಲ. ಅಚ್ಚಿನ ಬಣ್ಣ ತರಕಾರಿ, ಹಿಂಡಿ, ಬೂಸಾಕ್ಕೆ ತಾಗಕೂಡದು, ಜನರ, ಹಸುಗಳ ಹೊಟ್ಟೆಗೆ ಹೋಗುವ ವಸ್ತುಗಳು ಅವು.

• ಟೊಮ್ಯಾಟೊಗೆ ಮೊದಲು ನೆರಳು ಬಲೆ, ಆಮೇಲೆ ಟಾರ್ಪಾಲು. ಕಿತ್ತ ಹಣ್ಣೂ ಉಸಿರಾಡುತ್ತೆ, ಬೆವರುತ್ತೆ. ಬಿಸಿಲಲ್ಲಿ ಪ್ಲಾಸ್ಟಿಕ್ ಬಿಗಿದು ಮುಚ್ಚಿದರೆ ಒಳಗೆ ಹಬೆ ಕಟ್ಟಿ ಹನಿ ಇಳಿಯುತ್ತೆ, ಮೇಲಿನ ಸಾಲಿನ ಕ್ರೇಟಿನ ಹಣ್ಣು ಮೆತ್ತಗಾಗುತ್ತೆ. ಹರಾಜು ಕೂಗುವವನು ಕೈ ಹಾಕುವುದು ಆ ಸಾಲಿಗೇ, ಇಡೀ ಲೋಡಿನ ಬೆಲೆ ಅಲ್ಲೇ ಬಿತ್ತು. ಅದಕ್ಕೇ ಎರಡು ಪದರ ಇಟ್ಟುಕೋ. ನರ್ಸರಿಗೆ ಹಾಕುವ ಹಸಿರು ಬಲೆಯನ್ನು ಕ್ರೇಟುಗಳ ಮೇಲೆ ಎಳೆದು ಕಟ್ಟು. ಟಾರ್ಪಾಲಿನ ಮುಂದಿನ ಅಂಚನ್ನು ಕ್ಯಾಬಿನ್ನಿನ ಹಿಂದಿನ ಜಾಲರಿಗೆ ಬಿಗಿದು, ಉಳಿದದ್ದನ್ನು ಸುರುಳಿ ಸುತ್ತಿ ಅಲ್ಲೇ ಕಟ್ಟಿಡು. ಮೋಡ ಕವಿದಾಗ ಸುರುಳಿ ಬಿಚ್ಚಿ ಹಿಂದಕ್ಕೆ ಎಳೆದರೆ ಮುಗಿಯಿತು. ಹಾಕುವುದಕ್ಕೆ ಅರ್ಧ ಗಂಟೆ ಹಿಡಿಯುವ ಹೊದಿಕೆಯನ್ನು ಯಾರೂ ಹೊತ್ತಿಗೆ ಸರಿಯಾಗಿ ಹಾಕೋದಿಲ್ಲ, ಹನಿ ಬಿದ್ದ ಮೇಲೆ ಒದ್ದಾಡುತ್ತಾರೆ. ಮಳೆ ನಿಂತ ಕೂಡಲೇ ಮತ್ತೆ ಸುತ್ತಿಬಿಡು.

• ರೇಷ್ಮೆ ಗೂಡಿನ ವಿಷಯದಲ್ಲಿ ಇನ್ನೂ ಎಚ್ಚರವಿರಲಿ. ಗೂಡಿನೊಳಗೆ ಕೋಶ ಜೀವಂತ ಇರುತ್ತೆ, ಅದು ಶಾಖವನ್ನೂ ತೇವವನ್ನೂ ಬಿಡುತ್ತೆ. ಗಾಳಿಯಾಡದೆ ಮುಚ್ಚಿದರೆ ಗೂಡು ಒಳಗಿಂದ ಕರೆಯಾಗುತ್ತೆ, ನೂಲು ಸಲೀಸಾಗಿ ಬಿಚ್ಚೋದಿಲ್ಲ. ನೂಲು ತೆಗೆಯುವ ರೀಲರು ಒಂದು ಹಿಡಿ ತೆಗೆದು ಅಲ್ಲಾಡಿಸಿ ನೋಡುತ್ತಲೇ ಹೇಳಿಬಿಡುತ್ತಾನೆ. ಗೂಡಿಗೆ ಬಲೆ ಚೀಲ, ಸಡಿಲ ತುಂಬು, ಚೀಲದ ಮೇಲೆ ಚೀಲ ಒತ್ತಬೇಡ, ತಂಪು ಹೊತ್ತಲ್ಲಿ ಹೊರಡು. ಮಳೆ ಇದ್ದರೆ ಟಾರ್ಪಾಲು ಕಮಾನಿನ ಮೇಲಿರಲಿ, ಚೀಲದ ಮೇಲೆ ಕೂರದಿರಲಿ, ಹಿಂಭಾಗ ಒಂದು ಗೇಣು ತೆರೆದಿರಲಿ.

• ಕಮಾನು ಅಂದೆನಲ್ಲ, ಅದಕ್ಕೆ ದೊಡ್ಡ ಖರ್ಚಿಲ್ಲ. ಹನಿ ನೀರಾವರಿಗೆ ಬಳಸುವ ಕಪ್ಪು ಪೈಪು ಮೂರು ತುಂಡು, ಇಲ್ಲವೇ ಸೀಳಿದ ಬಿದಿರು ಸಾಕು. ಬಾಡಿಯ ಎರಡೂ ಪಕ್ಕ ಕ್ಲಾಂಪು ಹಾಕಿ ಗೇಣುದ್ದದ ಸರಳು ನಿಲ್ಲಿಸು, ಪೈಪಿನ ತುದಿಗಳನ್ನು ಅದರ ಮೇಲೆ ಕೂರಿಸು. ತೂತು ಕೊರೆಸಬೇಡ, ತುಕ್ಕು ಶುರುವಾಗುವುದೇ ಅಲ್ಲಿಂದ. ನಡುವಿನ ಕಮಾನು ಮಿಕ್ಕೆರಡಕ್ಕಿಂತ ನಾಲ್ಕು ಬೆರಳು ಎತ್ತರವಿರಲಿ, ಮೂರರ ನೆತ್ತಿಗೂ ಉದ್ದಕ್ಕೆ ಒಂದು ಹಗ್ಗ ಬಿಗಿ. ನೀರು ನಿಲ್ಲೋದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಐದು ಸೆಂಟಿಮೀಟರ್ ನೀರು ನಿಂತರೂ ಅದು 50 ಕೆ.ಜಿ. ಭಾರ. ಬ್ರೇಕು ಹಾಕಿದಾಗ ಅಷ್ಟೂ ಒಮ್ಮೆಗೇ ಮುಂದಕ್ಕೆ ಬಂದು ಬಟ್ಟೆ ಸೀಳುತ್ತೆ.

• ಎರಡು ಟಾರ್ಪಾಲು ಜೋಡಿಸಬೇಕಾಗಿ ಬಂದರೆ ಮುಂದಿನದು ಹಿಂದಿನದರ ಮೇಲೆ ಬರಲಿ, ಹೆಂಚು ಹೊದಿಸಿದ ಹಾಗೆ. ಉಲ್ಟಾ ಮಾಡಿದರೆ ಗಾಳಿ, ಮಳೆ ಎರಡೂ ಸಂದಿಯಿಂದ ನುಗ್ಗುತ್ತವೆ.

• ಟಾರ್ಪಾಲನ್ನು ಕೊಲ್ಲುವುದು ಬಿಸಿಲಿಗಿಂತ ಹೆಚ್ಚಾಗಿ ಪಟಪಟನೆ ಹೊಡೆದುಕೊಳ್ಳುವುದು. ಕಟ್ಟುವ ರೀತಿ ಗಮನವಿಟ್ಟು ಕಲಿ. ಹಗ್ಗದ ನಡುವೆ, ಎದೆಯ ಎತ್ತರಕ್ಕೆ ಒಂದು ಕುಣಿಕೆ ಮಾಡು. ತುದಿಯನ್ನು ಬಾಡಿಯ ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಮೇಲಕ್ಕೆ ತಂದು, ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗು. ಆ ಕುಣಿಕೆ ರಾಟೆಯ ಕೆಲಸ ಮಾಡುತ್ತೆ, ನಿನ್ನ ಕೈಬಲಕ್ಕಿಂತ ಹೆಚ್ಚು ಬಿಗಿ ಬರುತ್ತೆ. ಕೊನೆಗೆ ಎಳೆದರೆ ಬಿಚ್ಚುವ ಗಂಟು ಹಾಕು, ಕತ್ತಲಲ್ಲಿ ಮಂಡಿ ಮುಂದೆ ನಿಂತು ಹಲ್ಲಿನಿಂದ ಬಿಚ್ಚುವ ಪಾಡು ಬರಬಾರದು. ನೈಲಾನ್ ಹಗ್ಗ ನೆನೆದರೆ ಸಡಿಲ ಬೀಳುತ್ತೆ, ಆದ್ದರಿಂದ ಮಳೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಇಳಿದು ಮತ್ತೊಮ್ಮೆ ಜಗ್ಗು.

• ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಟ್ಯೂಬು ಕೇಳಿ ತಗೋ. ಎರಡು ಬೆರಳು ಅಗಲಕ್ಕೆ ಕತ್ತರಿಸಿ ತುದಿಗೆ ಕೊಕ್ಕೆ ಕಟ್ಟಿದರೆ ಒಳ್ಳೆಯ ಎಳೆಪಟ್ಟಿ. ಹಗ್ಗ ಜಗ್ಗಿದ ಕಡೆ ಐಲೆಟ್, ಅಂದರೆ ಅಂಚಿನ ತೂತಿನ ಬಳೆ, ಕಿತ್ತು ಬರುತ್ತೆ, ರಬ್ಬರು ಗಾಳಿಗೆ ಹಿಗ್ಗಿ ಕುಗ್ಗಿ ಅದನ್ನು ಉಳಿಸುತ್ತೆ.

• ಐಲೆಟ್ ಕಿತ್ತು ಹೋದರೆ ಹೊಸ ತೂತು ಮಾಡಬೇಡ. ನಿಂಬೆಗಾತ್ರದ ಒಂದು ನುಣ್ಣನೆ ಕಲ್ಲನ್ನು ಟಾರ್ಪಾಲಿನ ಒಳಬದಿಯಲ್ಲಿ ಇಟ್ಟು, ಹೊರಗಿನಿಂದ ಬಟ್ಟೆ ಸಮೇತ ಹಿಡಿದು, ಅದರ ಕತ್ತಿಗೆ ಹಗ್ಗ ಬಿಗಿ. ಎಷ್ಟು ಎಳೆದರೂ ಜಾರೋದಿಲ್ಲ, ಹರಿಯೋದೂ ಇಲ್ಲ.

• ನಂಬರ್ ಪ್ಲೇಟು, ಹಿಂದಿನ ದೀಪ, ಹೊಳೆಯುವ ಪಟ್ಟಿ, ಇವುಗಳ ಮೇಲೆ ಬಟ್ಟೆ ಇಳಿಯಬಾರದು. ನಸುಕಿನಲ್ಲಿ ಹೊರಡುವ ಗಾಡಿ ನಿನ್ನದು, ಹಿಂದೆ ಬರುವ ಬಸ್ಸಿನವನಿಗೆ ಕಾಣಬೇಕು. ಸರಕು ಬಾಡಿಯಿಂದ ಆಚೆ ಚಾಚಿದ್ದರೆ 2019ರ ತಿದ್ದುಪಡಿಯ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ.

• ಟಾರ್ಪಾಲಿನ ಕೆಳಗೆ ಜನರನ್ನು ಕೂರಿಸಬೇಡ. ಕೂಲಿಯವರು ಬರುತ್ತಾರೆ, ಮಳೆ ಅನ್ನುತ್ತಾರೆ, ಗೊತ್ತಿದ್ದವರೇ ಆಗಿರುತ್ತಾರೆ. ಆದರೂ ಬೇಡ. ಸರಕು ಗಾಡಿಯಲ್ಲಿ ಜನ ಸಾಗಿಸಿ ಅಪಘಾತವಾದ ಸುದ್ದಿ ಓದದ ವರ್ಷವಿಲ್ಲ. ಮುಚ್ಚಿದ ಬಟ್ಟೆಯೊಳಗೆ ಹಿಡಿದುಕೊಳ್ಳಲು ಏನೂ ಇರೋದಿಲ್ಲ, ಒಳಗೆ ಏನಾಗುತ್ತಿದೆ ಅಂತ ನಿನಗೆ ಕಾಣೋದೂ ಇಲ್ಲ. ಅವರಿಗೆ ಬಸ್ ಚಾರ್ಜು ಕೊಟ್ಟು ಕಳಿಸು. ನೀನೂ ನೆನೆದ ಟಾರ್ಪಾಲಿನ ಮೇಲೆ ಹತ್ತಿ ನಡೆಯಬೇಡ. ಹಗ್ಗದ ತುದಿಗೆ ಭಾರ ಕಟ್ಟಿ ಕೆಳಗಿಂದಲೇ ಆಚೆಗೆ ಎಸೆ.

• ಸೀಟಿನ ಹಿಂದೆ ಒಂದು ದಬ್ಬಳ, ನೈಲಾನ್ ದಾರ, ಹಳೇ ಟಾರ್ಪಾಲಿನ ಎರಡು ತುಂಡು ಸದಾ ಇರಲಿ. ಪಂಕ್ಚರ್ ಸಲ್ಯೂಷನ್ನು ಈ ಪ್ಲಾಸ್ಟಿಕ್ಕಿಗೆ ಹಿಡಿಯೋದಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಏಳುತ್ತೆ. ಹರಿದ ಜಾಗದ ಮೇಲೊಂದು ಕೆಳಗೊಂದು ತೇಪೆ ಇಟ್ಟು ಹೊಲಿ, ಅಂಚಿನಿಂದ ಎರಡು ಬೆರಳು ಒಳಗೆ ಹೊಲಿಗೆ ಬರಲಿ. ಮನೆಗೆ ಬಂದ ಮೇಲೆ ಒದ್ದೆ ಟಾರ್ಪಾಲನ್ನು ಮಡಚಿ ಮೂಲೆಗೆ ಎಸೆಯದೆ ದನದ ಕೊಟ್ಟಿಗೆಯ ಗಳುವಿನ ಮೇಲೆ ಹರವು, ಇಲಿ ಓಡಾಡದ ಕಡೆ.