ಕಾಡಿನಿಂದ ಕಾಡಿಗೆ ಒಂದು ದಾರಿ

ಮಕ್ಕಳೇ, ನಿಮ್ಮ ಊರಿನ ಸುತ್ತ ಎತ್ತರದ ಗೋಡೆ ಕಟ್ಟಿ, ಯಾರೂ ಹೊರಗೆ ಹೋಗಬಾರದು ಎಂದರೆ ಏನಾಗುತ್ತದೆ? ಕೆರೆ ಬತ್ತಿದ ವರ್ಷ ನೀರಿಗೆ ಎಲ್ಲಿಗೆ ಹೋಗುವಿರಿ? ಸಂತೆಗೆ, ನೆಂಟರ ಮನೆಗೆ ಹೋಗುವುದು ಹೇಗೆ? ಕಾಡಿನ ಪ್ರಾಣಿಗಳಿಗೂ ಇಂಥದೇ ಕಷ್ಟ ಎದುರಾಗಿದೆ.

ಸಂರಕ್ಷಿತ ಕಾಡುಗಳು

ಜೀವಿಗಳನ್ನು ಅವು ಇರುವ ಕಡೆಯೇ ಉಳಿಸಬೇಕು. ಅದಕ್ಕಾಗಿ ಸರ್ಕಾರ ಕೆಲವು ಕಾಡುಗಳನ್ನು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ ಎಂದು ಘೋಷಿಸುತ್ತದೆ. ಅಲ್ಲಿ ಬೇಟೆಯಾಡುವಂತಿಲ್ಲ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಆದರೆ ನಕ್ಷೆಯ ಮೇಲೆ ನಾವು ಎಳೆದ ಗಡಿ ಆನೆಗೆ ತಿಳಿಯದು. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಬೇಸಿಗೆಯಲ್ಲಿ ಕಾಡಿನ ಕೆರೆಗಳು ಬತ್ತಿದಾಗ ಆನೆಗಳು ಕಬಿನಿ ಜಲಾಶಯದ ಹಿನ್ನೀರಿಗೆ ಬಂದು ಸೇರುತ್ತವೆ. ಹುಲಿಮರಿ ಸುಮಾರು ಎರಡು ವರ್ಷಕ್ಕೆ ತಾಯಿಯನ್ನು ಬಿಟ್ಟು ತನ್ನದೇ ನೆಲೆ ಹುಡುಕಿಕೊಂಡು ಹೊರಡುತ್ತದೆ. ದಾರಿ ಮುಚ್ಚಿದರೆ ಅವು ಒಂದೇ ಕಡೆ ಉಳಿಯುತ್ತವೆ. ಹತ್ತಿರದ ಸಂಬಂಧಿಗಳಲ್ಲೇ ಮರಿಗಳಾಗುತ್ತಾ ಹೋದರೆ ಮುಂದಿನ ಪೀಳಿಗೆಗಳು ದುರ್ಬಲವಾಗುತ್ತವೆ.

ಕಾರಿಡಾರ್ ಎಂದರೇನು?

ಎರಡು ಕಾಡುಗಳನ್ನು ಜೋಡಿಸುವ ಕಿರಿದಾದ ಕಾಡಿನ ಪಟ್ಟಿಯೇ ವನ್ಯಜೀವಿ ಕಾರಿಡಾರ್. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೆ ಜೋಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಇಂಥದು. ಇಲ್ಲಿ ಆನೆಗಳ ದಾರಿಯಲ್ಲಿ ರೈತರ ಜಮೀನುಗಳಿದ್ದವು. 2000ರ ದಶಕದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ ಸುಮಾರು 25 ಎಕರೆ ಜಮೀನನ್ನು ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಷ್ಟು ದೊಡ್ಡ ಕಾಡುಗಳಿಗೆ 25 ಎಕರೆ ಯಾವ ಲೆಕ್ಕ ಎನ್ನುವಿರಾ? ಬಾಗಿಲು ಕೂಡ ಮನೆಗಿಂತ ಚಿಕ್ಕದೇ ಅಲ್ಲವೇ!

2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವರದಿಯಲ್ಲಿ ದೇಶದ 150 ಆನೆ ಕಾರಿಡಾರ್‌ಗಳನ್ನು ಗುರುತಿಸಲಾಗಿದೆ.

ರಾತ್ರಿ ಮುಚ್ಚುವ ರಸ್ತೆ

ಬಂಡೀಪುರದ ಮೂಲಕ ಊಟಿಗೂ ಕೇರಳದ ಸುಲ್ತಾನ್ ಬತ್ತೇರಿಗೂ ಹೆದ್ದಾರಿಗಳು ಹೋಗುತ್ತವೆ. ರಾತ್ರಿ ವೇಗವಾಗಿ ಬರುವ ವಾಹನಗಳಿಗೆ ಸಿಕ್ಕಿ ಅನೇಕ ಪ್ರಾಣಿಗಳು ಸಾಯುತ್ತಿದ್ದವು. ಆದ್ದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ಆಂಬುಲೆನ್ಸ್‌ಗಳಿಗೂ ಕೆಲವು ಬಸ್ಸುಗಳಿಗೂ ಮಾತ್ರ ಅವಕಾಶ. ಇದರಿಂದ ಪ್ರಯಾಣಿಕರು, ವ್ಯಾಪಾರಿಗಳು ಸುತ್ತುಬಳಸಿನ ದಾರಿ ಹಿಡಿಯಬೇಕಾಗುತ್ತದೆ. ನಿಷೇಧ ತೆಗೆಯಬೇಕೆಂದು ಕೇಳುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ.

ಕಾಡು ಮತ್ತೆ ಕಾಡಾಗಲಿ

ದಾರಿ ಇದ್ದರೆ ಸಾಲದು, ಕಾಡಿನಲ್ಲಿ ಮೇವೂ ಇರಬೇಕು. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಲಂಟಾನ ಗಿಡ ಇಂದು ನಮ್ಮ ಕಾಡುಗಳಲ್ಲಿ ಪೊದೆಪೊದೆಯಾಗಿ ಹಬ್ಬಿದೆ. ಅದರ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಅವಿಲ್ಲದಿದ್ದರೆ ಹುಲಿಗೆ ಆಹಾರವಿಲ್ಲ. ಲಂಟಾನವನ್ನು ಬೇರುಸಹಿತ ಕಿತ್ತು, ಹೊಸ ಸಸಿ ಏಳದಂತೆ ಕೆಲವು ವರ್ಷ ನೋಡಿಕೊಂಡರೆ ಹುಲ್ಲು ಮರಳಿ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಮಾಡುತ್ತಾರೆ. ಕಾಡಿಗೂ ಲಾಭ, ಅವರಿಗೂ ಸಂಪಾದನೆ!

ಮಾಡಿ ನೋಡಿ

1. ಕರ್ನಾಟಕದ ಭೂಪಟದಲ್ಲಿ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳನ್ನು ಗುರುತಿಸಿ.

2. ತರಗತಿಯಲ್ಲಿ ಚರ್ಚಿಸಿ: ಆನೆಗಳು ಹಾದುಹೋಗುವ ದಾರಿಯಲ್ಲಿ ನಿಮ್ಮ ಮನೆಯವರ ರಾಗಿ ಹೊಲವಿದೆ. ಕೊಯ್ಲಿನ ಹಿಂದಿನ ರಾತ್ರಿ ಆನೆಗಳು ಬಂದು ಬೆಳೆ ತುಳಿದವು. ಹೊಲವನ್ನು ಬಿಟ್ಟುಕೊಡುವಿರಾ? ಅದಕ್ಕೆ ಬದಲಾಗಿ ನಿಮಗೆ ಏನು ಸಿಗಬೇಕು? ಒಂದು ಗುಂಪು ರೈತರ ಪರ, ಇನ್ನೊಂದು ಗುಂಪು ಆನೆಗಳ ಪರ ಮಾತನಾಡಲಿ. ಕೊನೆಗೆ ಇಬ್ಬರೂ ಒಪ್ಪುವ ದಾರಿಯೊಂದನ್ನು ಹುಡುಕಿ ಬರೆಯಿರಿ.