ಮನೆಯಲ್ಲಿಯೂ ಪ್ರಯಾಣದಲ್ಲಿಯೂ ಯೋಗಾಭ್ಯಾಸ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ



ವಿಶ್ವಸಂಸ್ಥೆಯ ಮಹಾಸಭೆಯು 2014ರ ಡಿಸೆಂಬರ್ 11ರಂದು ಅಂಗೀಕರಿಸಿದ ನಿರ್ಣಯದಂತೆ ಪ್ರತಿ ವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನವನ್ನು ಆಚರಿಸಲಾಗುತ್ತಿದೆ. ಆದರೆ ಫಲ ನೀಡುವುದು ನಿತ್ಯದ ಅಭ್ಯಾಸವೇ ಹೊರತು ಒಂದು ದಿನದ ಆಚರಣೆಯಲ್ಲ. ನಮ್ಮ ಜಿಲ್ಲೆಯ ದುಡಿಮೆಯ ಸ್ವರೂಪವನ್ನು ಗಮನಿಸಿದರೆ ಇದರ ಅಗತ್ಯವು ಸ್ಪಷ್ಟವಾಗುತ್ತದೆ.

1. ದುಡಿಮೆ ಮತ್ತು ದೇಹ

ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಕುಣಿಮಗ್ಗದಲ್ಲಿ ನೇಯುವವರು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಬೆನ್ನು ಬಾಗಿಸಿ ದಿನದ ಬಹುಭಾಗ ಕುಳಿತಿರುತ್ತಾರೆ. ಕೈಕಾಲುಗಳು ಆಡುತ್ತಿದ್ದರೂ ಸೊಂಟಕ್ಕೆ ಚಲನೆಯಿಲ್ಲ. ನೋವಿನಿಂದ ಮಗ್ಗ ನಿಂತರೆ ಅಂದಿನ ಕೂಲಿಯೂ ನಿಲ್ಲುತ್ತದೆ.

ಬಾದಾಮಿ, ಹುನಗುಂದ ಭಾಗದ ಹಳ್ಳಿಗಳಿಂದ ಗೋವಾ, ಮಂಗಳೂರುಗಳಿಗೆ ಗುಳೆ ಹೋಗುವವರು ಬಸ್ಸಿನಲ್ಲಿ ಬಹುಹೊತ್ತು ಅಲುಗದೆ ಕೂರಬೇಕಾಗುತ್ತದೆ. ಮೀನಖಂಡವು ಆಡಿದಾಗಲೇ ಕಾಲಿನ ರಕ್ತವು ಹೃದಯದತ್ತ ಸರಾಗವಾಗಿ ಮೇಲೇರುತ್ತದೆ. 4 ಗಂಟೆಗಿಂತ ಹೆಚ್ಚು ಕುಳಿತೇ ಪ್ರಯಾಣಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವು ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿದೆ. ಹಾಗಿದ್ದರೂ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಆದುದರಿಂದ ಭಯ ಬೇಡ, ಎಚ್ಚರವಿರಲಿ.

2. ಮನೆಯಲ್ಲಿ

ಒಂದು ಚಾಪೆಯಷ್ಟು ಸ್ಥಳ, ಬೆಳಗಿನ 20 ನಿಮಿಷ ಸಾಕು. ಹೊಟ್ಟೆ ಖಾಲಿಯಿರಬೇಕು. ಮೊದಲು ಕುತ್ತಿಗೆ, ಭುಜ, ಸೊಂಟ, ಮೊಣಕಾಲುಗಳನ್ನು ಸಡಿಲಗೊಳಿಸಬೇಕು. ಅನಂತರ ತಾಡಾಸನ, ವಕ್ರಾಸನ, ಭುಜಂಗಾಸನ, ಸೇತುಬಂಧಾಸನಗಳನ್ನು ಕ್ರಮವಾಗಿ ಮಾಡಿ, ಶವಾಸನದಲ್ಲಿ ವಿಶ್ರಮಿಸಿ, ನಾಡಿಶೋಧನ ಪ್ರಾಣಾಯಾಮದಿಂದ ಮುಗಿಸಬಹುದು. ಮುಂದಕ್ಕೆ ಬಾಗಿ ದುಡಿಯುವವರಿಗೆ ಎದೆಯನ್ನು ಹಿಂದಕ್ಕೆ ಹಿಗ್ಗಿಸುವ ಭುಜಂಗಾಸನವು ವಿಶೇಷವಾಗಿ ಉಪಯುಕ್ತ. ನೇಕಾರರು ಗಂಟೆಗೊಮ್ಮೆ ಮಗ್ಗದಿಂದ ಎದ್ದು ಎರಡು ನಿಮಿಷ ತಾಡಾಸನದಲ್ಲಿ ಮೈ ಚಾಚುವುದು ಹಿತಕರ.

3. ಪ್ರಯಾಣದಲ್ಲಿ

ಆಸನದಲ್ಲಿ ಕುಳಿತೇ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಪಾದವನ್ನು ವೃತ್ತಾಕಾರವಾಗಿ ತಿರುಗಿಸುವುದು: ಪ್ರತಿಯೊಂದನ್ನೂ 10 ಬಾರಿ, ಗಂಟೆಗೊಮ್ಮೆ ಮಾಡಬೇಕು. ಭುಜ ತಿರುಗಿಸುವುದು, ದೀರ್ಘವಾಗಿ ಉಸಿರಾಡುವುದು ಸಹ ಸಾಧ್ಯ. ಬಸ್ಸು ನಿಂತಲ್ಲಿ ಇಳಿದು ನಡೆಯಬೇಕು. ನೀರು ಕುಡಿಯಲು ಮರೆಯಬಾರದು.

4. ಎಚ್ಚರಿಕೆ

ರಕ್ತದೊತ್ತಡ ಅಥವಾ ಹೃದ್ರೋಗವಿರುವವರು ಮತ್ತು ಗರ್ಭಿಣಿಯರು ವೈದ್ಯರ ಸಲಹೆ ಪಡೆದೇ ಆರಂಭಿಸತಕ್ಕದ್ದು. ಕಪಾಲಭಾತಿಯನ್ನು ಮಾಡಬಾರದು, ಉಸಿರನ್ನು ಬಿಗಿಹಿಡಿಯಬಾರದು. ಯೋಗವು ಔಷಧಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಯಾಣದ ನಂತರ ಒಂದೇ ಕಾಲು ಬಾತು ನೋಯುತ್ತಿದ್ದರೆ, ಅಥವಾ ಹಠಾತ್ತನೆ ಉಸಿರುಗಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಾಲನ್ನು ತಿಕ್ಕಿಸಬಾರದು.

5. ಸದಸ್ಯರ ಪಾತ್ರ

ಗ್ರಾಮದ ಶಾಲೆ, ಸಮುದಾಯ ಭವನ ಅಥವಾ ಅರಿವು ಕೇಂದ್ರದಲ್ಲಿ ಬೆಳಗಿನ ಅಭ್ಯಾಸಕ್ಕೆ ಸ್ಥಳ ಒದಗಿಸಬಹುದು. ಸಮುದಾಯ ಆರೋಗ್ಯಾಧಿಕಾರಿ ಹಾಗೂ ಆಶಾ ಕಾರ್ಯಕರ್ತೆಯರ ನೆರವಿನಿಂದ ಮೊದಲು ರಕ್ತದೊತ್ತಡ ಪರೀಕ್ಷೆ ನಡೆಸಿ, ಅನಂತರ ಅಭ್ಯಾಸ ಆರಂಭಿಸುವುದು ಸೂಕ್ತ. ಮಹಿಳೆಯರಿಗೆ ಅನುಕೂಲವಾದ ವೇಳೆಯನ್ನು ಅವರನ್ನೇ ಕೇಳಿ ನಿಗದಿಪಡಿಸಬೇಕು. ಗುಳೆ ಹೊರಡುವ ಕುಟುಂಬಗಳಿಗೆ ಪ್ರಯಾಣದ ಅಭ್ಯಾಸವನ್ನು ಮುಂಚಿತವಾಗಿಯೇ ಕಲಿಸುವುದು ಅಗತ್ಯ.

ಚರ್ಚೆಗೆ ಪ್ರಶ್ನೆಗಳು

ಅ) ನಿಮ್ಮ ವಾರ್ಡಿನಲ್ಲಿ ದಿನವಿಡೀ ಕುಳಿತು ದುಡಿಯುವ ಕುಟುಂಬಗಳೆಷ್ಟು?
ಆ) ಅಭ್ಯಾಸಕ್ಕೆ ಯೋಗ್ಯವಾದ ಸ್ಥಳ ಯಾವುದು? ಅಲ್ಲಿ ಬೆಳಕು, ಶೌಚಾಲಯಗಳಿವೆಯೇ?
ಇ) ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಮಂಡಿಸುವವರು ಯಾರು?